ವೈರಸ್ ಪಿಡುಗಿನಲ್ಲಿ ಆಸ್ಪತ್ರೆಯ ಔಷಧ: ಆಂಟಿಬಯೋಟಿಕ್ ಮತ್ತು ಆಂಟಿವೈರಲ್ ಬಳಕೆ

ವೈರಸ್‌ನಿಂದ ಹುಟ್ಟಿದ ಪಿಡುಗು ದೇಶದೇಶಗಳಿಗೆ ಹಬ್ಬಿದಾಗ ಆಸ್ಪತ್ರೆ ಸೇರಿದ ರೋಗಿಗೆ ವೈದ್ಯರು ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಯೋಟಿಕ್, ವೈರಸ್ ವಿರುದ್ಧದ ಆಂಟಿವೈರಲ್ ಇವೆರಡನ್ನೂ ಯಾವ ಆಧಾರದ ಮೇಲೆ, ಯಾವ ಹಂತದಲ್ಲಿ, ಎಷ್ಟು ದಿನ ಕೊಡುತ್ತಾರೆ ಎಂಬುದು ಇಲ್ಲಿನ ವಿಷಯ. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಪೆನಿಸಿಲಿನ್ ಬಳಗದ ಔಷಧಗಳು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಿಕೊಳ್ಳದಂತೆ ತಡೆಯುತ್ತವೆ. ಅಜಿತ್ರೊಮೈಸಿನ್ ಅದರ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ವೈರಸ್‌ಗೆ ಕೋಶಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ವೈದ್ಯಕೀಯ ಓದುವ ಎಲ್ಲರೂ ಮೊದಮೊದಲೇ ಕಲಿಯುವ ಪಾಠವಿದು. ಆದರೂ ಕೋವಿಡ್-19ರಿಂದ ಆಸ್ಪತ್ರೆ ಸೇರಿದ ನಾಲ್ವರಲ್ಲಿ ಮೂವರಿಗೆ ಆಂಟಿಬಯೋಟಿಕ್ ಕೊಡಲಾಯಿತು. ಅದು ಬೇಕಾಗುವಂಥ ಬ್ಯಾಕ್ಟೀರಿಯಾ ಸೋಂಕು ಜೊತೆಗಿದ್ದದ್ದು ನೂರರಲ್ಲಿ ಎಂಟು ಮಂದಿಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಮುಂದಿಟ್ಟ ಅಂಕಿಗಳಿವು. ಇವೆರಡರ ನಡುವಿನ ಅಂತರವನ್ನು ಅರ್ಥಮಾಡಿಕೊಳ್ಳುವುದೇ ಈ ವಿಷಯದ ತಿರುಳು. ಅದು ಅಜ್ಞಾನದಿಂದ ಹುಟ್ಟಿದ್ದಲ್ಲ. ಭಯ, ಪರೀಕ್ಷೆಯ ವಿಳಂಬ, ಹಿಂದಿನ ಪಿಡುಗುಗಳ ನೆನಪು ಎಲ್ಲವೂ ಸೇರಿ ಔಷಧ ಶುರುಮಾಡುವುದನ್ನು ಸುಲಭ ಮಾಡಿದವು, ನಿಲ್ಲಿಸುವುದನ್ನು ಕಷ್ಟ ಮಾಡಿದವು.

ಇನ್‌ಫ್ಲುಯೆಂಜಾ ಬಿಟ್ಟುಹೋದ ಅಭ್ಯಾಸ

ಆ ನೆನಪಿನ ಬೇರು 1918ರಲ್ಲಿದೆ. ಆಗಿನ ಮಹಾ ಇನ್‌ಫ್ಲುಯೆಂಜಾಕ್ಕೆ ಬ್ಯಾಕ್ಟೀರಿಯಾವೇ ಕಾರಣ ಎಂದು ಹಲವು ವೈದ್ಯರು ನಂಬಿದ್ದರು. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ರೋಗಿಗಳ ಕಫದಲ್ಲಿ ಗುರುತಿಸಿದ ದಂಡಾಣುವಿನ ಮೇಲೆ ಆ ಆರೋಪವಿತ್ತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿದ್ದು 1933ರಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ 1929ರಲ್ಲಿ ಪೆನಿಸಿಲಿನ್ ಕುರಿತು ಪ್ರಕಟಿಸಿದ ಮೊದಲ ಪ್ರಬಂಧದ ಶೀರ್ಷಿಕೆಯಲ್ಲೂ ಇದೇ ಫೈಫರ್ ದಂಡಾಣುವಿನ ಪ್ರಸ್ತಾಪ ಬರುತ್ತದೆ. ಪೆನಿಸಿಲಿನ್‌ಗೆ ಅದು ಬಗ್ಗುವುದಿಲ್ಲ, ಸುತ್ತಲಿನ ಬೇರೆ ಬ್ಯಾಕ್ಟೀರಿಯಾಗಳು ಮಾತ್ರ ಅಳಿಯುತ್ತವೆ. ಹಾಗಾಗಿ ಅದನ್ನು ಬೇರ್ಪಡಿಸಿ ಬೆಳೆಸಲು ಪೆನಿಸಿಲಿನ್ ಒಸರಿಸುವ ಬೂಷ್ಟಿನ ರಸ ಅನುಕೂಲ ಎಂದು ಫ್ಲೆಮಿಂಗ್ ತೋರಿಸಿದ್ದರು. ಇನ್‌ಫ್ಲುಯೆಂಜಾಕ್ಕೂ ಆಂಟಿಬಯೋಟಿಕ್‌ಗೂ ಇರುವ ನಂಟು ಅಷ್ಟು ಹಳೆಯದು.

ದಂಡಾಣು ನಿರಪರಾಧಿ ಎಂದು ಗೊತ್ತಾದ ಮೇಲೂ ಬ್ಯಾಕ್ಟೀರಿಯಾದ ಪಾತ್ರ ಸುಳ್ಳಾಗಲಿಲ್ಲ. ಡೇವಿಡ್ ಮೊರೆನ್ಸ್, ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಆಂಥೊನಿ ಫೌಚಿ 2008ರಲ್ಲಿ ಅಮೆರಿಕದಲ್ಲಿ ಕಾಪಿಟ್ಟಿದ್ದ ಆ ಪಿಡುಗಿನ 58 ಶವಪರೀಕ್ಷೆಗಳ ಶ್ವಾಸಕೋಶದ ತುಣುಕುಗಳನ್ನು ಮತ್ತೆ ಪರೀಕ್ಷಿಸಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಬ್ಯಾಕ್ಟೀರಿಯಾ ನ್ಯುಮೋನಿಯಾದ ಗುರುತು ಕಂಡಿತು. ವೈರಸ್ ಶ್ವಾಸನಾಳದ ಒಳಪದರವನ್ನು ಸುಲಿದು ಹಾಕುತ್ತದೆ, ಗಂಟಲಲ್ಲಿ ಸುಮ್ಮನೆ ಇದ್ದ ನ್ಯುಮೊಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್‌ಗಳು ಒಳಗಿಳಿಯುತ್ತವೆ. 1957ರ ಏಷ್ಯನ್ ಫ್ಲೂ ಬಂದಾಗ ಆಂಟಿಬಯೋಟಿಕ್‌ಗಳು ಕೈಯಲ್ಲಿದ್ದವು. ಆದರೂ ಸ್ಟ್ಯಾಫಿಲೊಕಾಕಸ್ ನ್ಯುಮೋನಿಯಾದಿಂದ ಸತ್ತವರ ವರದಿಗಳು ಬಂದವು. ಪೆನಿಸಿಲಿನ್‌ಗೆ ಬಗ್ಗದ ತಳಿಗಳು ಅಷ್ಟರಲ್ಲಾಗಲೇ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದವು. 2009ರ ಎಚ್1ಎನ್1 ಪಿಡುಗಿನ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ 77 ಸಾವುಗಳಲ್ಲಿ 22ರಲ್ಲಿ ಬ್ಯಾಕ್ಟೀರಿಯಾ ಸಹಸೋಂಕು ಇತ್ತು. ಹೀಗಾಗಿ ತೀವ್ರ ಇನ್‌ಫ್ಲುಯೆಂಜಾ ರೋಗಿಗೆ ಆಂಟಿಬಯೋಟಿಕ್ ಸೇರಿಸುವುದು ವೈದ್ಯರ ಕೈಗೆ ಬಂದ ಒಳ್ಳೆಯ, ಸಾಕ್ಷ್ಯಾಧಾರವಿದ್ದ ಅಭ್ಯಾಸ. ಆ ಅಭ್ಯಾಸವೇ ಬೇರೊಂದು ವೈರಸ್ಸಿನ ವಾರ್ಡಿಗೂ ನಡೆದುಬಂದಿತು.

ಕೋವಿಡ್ ವಾರ್ಡಿನ ಮೊದಲ ತಿಂಗಳುಗಳು

ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವರದಿಯಾಯಿತು. ಆ ವಾರಗಳಲ್ಲಿ ಜಗತ್ತಿನ ಯಾವ ವೈದ್ಯರಿಗೂ ಈ ರೋಗದ ನಡೆ ಪೂರ್ತಿ ತಿಳಿದಿರಲಿಲ್ಲ. ಜ್ವರ, ಕೆಮ್ಮು, ಕುಸಿಯುತ್ತಿರುವ ಆಮ್ಲಜನಕ, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಬಿಳಿ ಮಬ್ಬು. ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಹಲವು ಪಟ್ಟು ಏರಿಕೆ. ಬ್ಯಾಕ್ಟೀರಿಯಾ ನ್ಯುಮೋನಿಯಾದಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ. ಬೇರ್ಪಡಿಸಲು ಕಫದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಬೇಕು, ಅದರ ಉತ್ತರ ಬರಲು ಎರಡು ಮೂರು ದಿನ ಬೇಕು. ಕಫ ತೆಗೆಯುವಾಗ ಸಿಡಿಯುವ ಹನಿಗಳಿಂದ ಸಿಬ್ಬಂದಿಗೆ ಸೋಂಕು ತಗಲುವ ಭಯದಿಂದ ಎಷ್ಟೋ ಕಡೆ ಮಾದರಿ ತೆಗೆಯುವುದೇ ಕಡಿಮೆಯಾಯಿತು. ಪಿಪಿಇ ಎಂಬ ರಕ್ಷಣಾ ಉಡುಪು ತೊಟ್ಟು ಒಮ್ಮೆಗೆ ಹತ್ತಾರು ರೋಗಿಗಳನ್ನು ನೋಡಬೇಕಾದ ಕಿರಿಯ ವೈದ್ಯರು, ಮರುದಿನ ರೋಗಿ ಕುಸಿದರೆ ಏನು ಗತಿ ಎಂದು ಯೋಚಿಸಿ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಬರೆದರು. ಅವರನ್ನು ಅಂಕಿ ಹಿಡಿದು ದೂರುವುದು ಅನ್ಯಾಯ. ಆದರೆ ಆ ಮೊದಲ ಚೀಟಿ ಐದನೆಯ ದಿನವೂ, ಏಳನೆಯ ದಿನವೂ ಮರುಪರಿಶೀಲನೆಯಿಲ್ಲದೆ ಮುಂದುವರಿದದ್ದಕ್ಕೆ ವ್ಯವಸ್ಥೆ ಉತ್ತರ ಹೇಳಲೇಬೇಕು.

ಅಂಕಿಗಳು ಬೇಗನೆ ಬರತೊಡಗಿದವು. ಅಮೆರಿಕದ ಮಿಷಿಗನ್ ರಾಜ್ಯದ 38 ಆಸ್ಪತ್ರೆಗಳ 1,705 ರೋಗಿಗಳ ಅಧ್ಯಯನದಲ್ಲಿ ಶೇ 56.6 ಮಂದಿಗೆ ದಾಖಲಾದ ಆರಂಭದಲ್ಲೇ ಆಂಟಿಬಯೋಟಿಕ್ ಸಿಕ್ಕಿತ್ತು. ಹೊರಗಿನಿಂದ ತಂದ ಬ್ಯಾಕ್ಟೀರಿಯಾ ಸೋಂಕು ಖಚಿತವಾದದ್ದು ಶೇ 3.5 ಮಂದಿಯಲ್ಲಿ. ಒಂದೇ ರಾಜ್ಯದ ಆಸ್ಪತ್ರೆಗಳ ನಡುವೆ ಈ ಬಳಕೆ ಶೇ 27ರಿಂದ ಶೇ 84ರವರೆಗೆ ಹರಡಿತ್ತು ಎಂಬುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ವೈರಸ್ ಒಂದೇ, ರೋಗಿಗಳೂ ಸುಮಾರಾಗಿ ಒಂದೇ ಬಗೆಯವರು. ಭಿನ್ನವಾಗಿದ್ದದ್ದು ಆಯಾ ಆಸ್ಪತ್ರೆಯ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 65 ದೇಶಗಳಿಂದ ಕಲೆಹಾಕಿದ ಸುಮಾರು 4.5 ಲಕ್ಷ ರೋಗಿಗಳ ದಾಖಲೆಗಳೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿದವು: ಪಶ್ಚಿಮ ಪೆಸಿಫಿಕ್ ವಲಯದಲ್ಲಿ ಶೇ 33, ಪೂರ್ವ ಮೆಡಿಟರೇನಿಯನ್ ಮತ್ತು ಆಫ್ರಿಕಾ ವಲಯಗಳಲ್ಲಿ ಶೇ 83. ಬ್ಯಾಕ್ಟೀರಿಯಾ ಸೋಂಕು ಇಲ್ಲದವರಿಗೆ ಈ ಔಷಧಗಳಿಂದ ಲಾಭ ಕಾಣಲಿಲ್ಲ, ಹಾನಿಯ ಸಂಭವ ಇತ್ತು.

ಅಜಿತ್ರೊಮೈಸಿನ್‌ನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದಕ್ಕೆ ಉರಿಯೂತ ತಗ್ಗಿಸುವ ಗುಣವಿದೆ ಎಂಬುದು ಹಳೆಯ ತಿಳಿವಳಿಕೆ. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೇಯ ದಿದಿಯೆ ರಾವುಲ್ ತಂಡ 36 ರೋಗಿಗಳ ಪುಟ್ಟ ಅಧ್ಯಯನವೊಂದರಲ್ಲಿ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೊಕ್ವಿನ್ ಜೊತೆ ಅಜಿತ್ರೊಮೈಸಿನ್ ಸೇರಿಸಿದರೆ ವೈರಸ್ ಬೇಗ ಮಾಯವಾಗುತ್ತದೆ ಎಂದಿತು. ಯಾದೃಚ್ಛಿಕ ಹಂಚಿಕೆ ಇಲ್ಲದ ಆ ಅಧ್ಯಯನ ಜಗತ್ತಿನ ಔಷಧ ಚೀಟಿಗಳನ್ನೇ ಬದಲಿಸಿತು. 2024ರ ಡಿಸೆಂಬರ್‌ನಲ್ಲಿ ನಿಯತಕಾಲಿಕವು ಅದನ್ನು ಹಿಂತೆಗೆದುಕೊಂಡಿತು. ಎರಡೂ ಔಷಧಗಳು ಹೃದಯದ ಬಡಿತದ ಲಯವನ್ನು ಏರುಪೇರು ಮಾಡಬಲ್ಲವು, ಒಟ್ಟಿಗೆ ಕೊಟ್ಟಾಗ ಅಪಾಯ ಹೆಚ್ಚು. ಕೊನೆಗೆ ಉತ್ತರ ಕೊಟ್ಟದ್ದು ಬ್ರಿಟನ್ನಿನ ರಿಕವರಿ ಪ್ರಯೋಗ. ಅಜಿತ್ರೊಮೈಸಿನ್ ಪಡೆದ 2,582 ಮಂದಿಯಲ್ಲೂ ಪಡೆಯದ 5,181 ಮಂದಿಯಲ್ಲೂ 28 ದಿನಗಳೊಳಗಿನ ಸಾವಿನ ಪ್ರಮಾಣ ಶೇ 22. ಫಲಿತಾಂಶ 2021ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಆದರೆ ಆ ವೇಳೆಗಾಗಲೇ ಮಾತ್ರೆಗಳು ಖರ್ಚಾಗಿದ್ದವು. ಭಾರತದಲ್ಲಿ 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಗಿಂತ ಸುಮಾರು 21.6 ಕೋಟಿ ಡೋಸ್ ಆಂಟಿಬಯೋಟಿಕ್ ಹೆಚ್ಚಾಗಿ ಮಾರಾಟವಾಯಿತು, ಅದರಲ್ಲಿ 3.8 ಕೋಟಿ ಡೋಸ್ ಅಜಿತ್ರೊಮೈಸಿನ್ ಎಂದು ಖಾಸಗಿ ಔಷಧ ಮಾರುಕಟ್ಟೆಯ ಲೆಕ್ಕ ನೋಡಿದ ಸಂಶೋಧಕರು ಅಂದಾಜಿಸಿದರು. ಲಾಕ್‌ಡೌನ್ ಕಾಲದಲ್ಲಿ ಶ್ರೀಮಂತ ದೇಶಗಳಲ್ಲಿ ಆಂಟಿಬಯೋಟಿಕ್ ಬಳಕೆ ಇಳಿದಿತ್ತು, ಇಲ್ಲಿ ಏರಿತು. ಟೈಫಾಯ್ಡ್ ಚಿಕಿತ್ಸೆಗೆ ನಾವು ಇಂದಿಗೂ ನೆಚ್ಚಿಕೊಂಡಿರುವ ಬಾಯಿಯ ಮಾತ್ರೆಗಳಲ್ಲಿ ಅಜಿತ್ರೊಮೈಸಿನ್ ಕೂಡ ಒಂದು ಎಂಬುದನ್ನು ನೆನೆದರೆ ಈ ನಷ್ಟದ ತೂಕ ತಿಳಿಯುತ್ತದೆ.

ಆಸ್ಪತ್ರೆಯಲ್ಲೇ ಅಂಟಿದ ಸೋಂಕು

ದಾಖಲಾಗುವಾಗ ಬ್ಯಾಕ್ಟೀರಿಯಾ ಸೋಂಕು ಅಪರೂಪವಾಗಿತ್ತು. ದಾಖಲಾದ ಮೇಲೆ ಹಾಗಿರಲಿಲ್ಲ. ವೆಂಟಿಲೇಟರ್ ನಳಿಕೆ, ರಕ್ತನಾಳದ ಕೊಳವೆ, ಮೂತ್ರದ ನಳಿಕೆ ಮೂರೂ ಬ್ಯಾಕ್ಟೀರಿಯಾಗಳಿಗೆ ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಹತ್ತು ಆಸ್ಪತ್ರೆಗಳು 2020ರ ಜೂನ್‌ನಿಂದ ಆಗಸ್ಟ್‌ವರೆಗೆ 17,534 ಕೋವಿಡ್ ರೋಗಿಗಳನ್ನು ಗಮನಿಸಿದವು. ಶೇ 3.6 ಮಂದಿಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ತಗಲಿತ್ತು. ಒಟ್ಟು ರೋಗಿಗಳಲ್ಲಿ ಸಾವು ಶೇ 10.6, ಈ ಗುಂಪಿನಲ್ಲಿ ಶೇ 56.7. ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮೊದಲ ಸ್ಥಾನದಲ್ಲಿ, ಅಸಿನೆಟೊಬ್ಯಾಕ್ಟರ್ ಅದರ ಹಿಂದೆ. ಇವು ಊರಿನ ನ್ಯುಮೋನಿಯಾದ ಜೀವಿಗಳಲ್ಲ, ತೀವ್ರ ನಿಗಾ ಘಟಕದ ನಿವಾಸಿಗಳು. ಕಾರ್ಬಪೆನಮ್‌ನಂಥ ಪ್ರಬಲ ಔಷಧಕ್ಕೂ ಜಗ್ಗದವು ಇವುಗಳಲ್ಲಿ ಹೆಚ್ಚು. ಆಗ ಉಳಿಯುವುದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಕೊಲಿಸ್ಟಿನ್.

ಮೊದಲ ದಿನವೇ ಕೊಟ್ಟ ಆಂಟಿಬಯೋಟಿಕ್ ಈ ಸೋಂಕನ್ನು ತಡೆಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅದು ದೇಹದಲ್ಲಿ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳನ್ನು ಅಳಿಸಿ, ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ. ಸೋಂಕನ್ನು ತಡೆಯುವ ದಾರಿಗಳೆಂದರೆ ಕೈತೊಳೆಯುವುದು, ನಳಿಕೆಗಳ ಜತನ, ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವಾಗ ಕೈಗವಸು ಬದಲಿಸುವುದು. ಗಂಟೆಗಟ್ಟಲೆ ಒಂದೇ ಪಿಪಿಇಯಲ್ಲಿ ಇಡೀ ವಾರ್ಡು ಸುತ್ತಬೇಕಾದಾಗ ಈ ಕೊನೆಯ ಕೆಲಸವೇ ತಪ್ಪಿಹೋಯಿತು. ಸಿಬ್ಬಂದಿಯನ್ನು ಕಾದ ಉಡುಪು ರೋಗಿಯನ್ನು ಕಾಯಲಿಲ್ಲ. ಸೋಂಕು ನಿಯಂತ್ರಣ ತಂಡಗಳನ್ನೂ ಔಷಧ ಬಳಕೆಯ ಮೇಲ್ವಿಚಾರಣೆ ಮಾಡುವವರನ್ನೂ ಕೋವಿಡ್ ಕೆಲಸಕ್ಕೆ ಎಳೆದುಕೊಳ್ಳಲಾಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ಹೇಳಿದಂತೆ, ಆಸ್ಪತ್ರೆಯಲ್ಲಿ ಅಂಟುವ ಔಷಧ ನಿರೋಧಕ ಸೋಂಕುಗಳು ಮತ್ತು ಅವುಗಳಿಂದಾದ ಸಾವುಗಳು 2019ಕ್ಕೆ ಹೋಲಿಸಿದರೆ 2020ರಲ್ಲಿ ಕನಿಷ್ಠ ಶೇ 15 ಹೆಚ್ಚಿದವು. ಹಿಂದಿನ ವರ್ಷಗಳಲ್ಲಿ ಅವು ಇಳಿಮುಖವಾಗಿದ್ದವು.

ಭಾರತದಲ್ಲಿ ಇನ್ನೊಂದು ಅಧ್ಯಾಯ ಸೇರಿತು. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಹಬ್ಬಿತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಇದರ ಮುಖ್ಯ ಕಾರಣಗಳು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸೆಯ ವ್ಯವಸ್ಥೆ ಮಾಡಲಾಯಿತು, ಶಿಲೀಂಧ್ರದ ವಿರುದ್ಧ ಕೊಡುವ ಆಂಫೋಟೆರಿಸಿನ್-ಬಿ ಚುಚ್ಚುಮದ್ದಿಗೆ ಎಲ್ಲೆಡೆ ಕೊರತೆಯಾಯಿತು.

ಆಂಟಿವೈರಲ್ ಮತ್ತು ದಿನಗಳ ಲೆಕ್ಕ

ಆಂಟಿವೈರಲ್ ಔಷಧದ ಯಶಸ್ಸು ಅದರ ಹೆಸರಿಗಿಂತ ಅದನ್ನು ಕೊಟ್ಟ ದಿನವನ್ನು ಅವಲಂಬಿಸಿದೆ. ಕೋವಿಡ್‌ನಲ್ಲಿ ವೈರಸ್ ಸಂಖ್ಯೆ ಉತ್ತುಂಗಕ್ಕೇರುವುದು ಲಕ್ಷಣ ಕಾಣಿಸಿಕೊಳ್ಳುವ ಆಸುಪಾಸಿನಲ್ಲಿ. ರೋಗಿ ಉಸಿರಿಗಾಗಿ ಒದ್ದಾಡುತ್ತ ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಒಂದು ವಾರದ ಬಳಿಕ; ಆಗ ವೈರಸ್ ಇಳಿಯುತ್ತಿರುತ್ತದೆ, ದೇಹದ ಸ್ವಂತ ರೋಗನಿರೋಧಕ ಪ್ರತಿಕ್ರಿಯೆ ಶ್ವಾಸಕೋಶವನ್ನು ಸುಡುತ್ತಿರುತ್ತದೆ. ಆ ಹಂತದಲ್ಲಿ ಆಂಟಿವೈರಲ್ ಕೊಡುವುದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಆಂಟಿವೈರಲ್‌ಗಳು ಒಂದೊಂದಾಗಿ ಸೋಲಲು ಇದೇ ಮುಖ್ಯ ಕಾರಣ.

ರಿಕವರಿ ಪ್ರಯೋಗದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದವರಲ್ಲಿ ಶೇ 27, ಪಡೆಯದವರಲ್ಲಿ ಶೇ 25 ಮಂದಿ ಸತ್ತರು. ಎಚ್‌ಐವಿ ಔಷಧಗಳಾದ ಲೋಪಿನಾವಿರ್ ಮತ್ತು ರಿಟೊನಾವಿರ್ ಜೋಡಿಯದೂ ಅದೇ ಗತಿ. ಎಬೋಲಾಕ್ಕಾಗಿಯೂ ಪರೀಕ್ಷೆಗೊಳಗಾಗಿದ್ದ ರೆಮ್ಡೆಸಿವಿರ್‌ನದು ಹೆಚ್ಚು ಜಟಿಲ ಕಥೆ. 1,062 ಮಂದಿಯ ಅಮೆರಿಕನ್ ಪ್ರಯೋಗದಲ್ಲಿ ಅದು ಚೇತರಿಕೆಯ ಅವಧಿಯನ್ನು 15 ದಿನಗಳಿಂದ 10ಕ್ಕೆ ಇಳಿಸಿತು. ಸಾವು ತಗ್ಗಿದ್ದು ಖಚಿತವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗ 2020ರ ಅಕ್ಟೋಬರ್‌ನಲ್ಲಿ ಹೆಚ್ಚಿನ ಲಾಭವಿಲ್ಲ ಎಂದಿತು, ಮರುತಿಂಗಳು ಸಂಸ್ಥೆ ಒಳರೋಗಿಗಳಿಗೆ ಇದನ್ನು ಕೊಡಬಾರದೆಂದು ಸಲಹೆ ಮಾಡಿತು. 2022ರ ಅಂತಿಮ ಲೆಕ್ಕದಲ್ಲಿ ಆಮ್ಲಜನಕ ಪಡೆಯುತ್ತಿದ್ದು ವೆಂಟಿಲೇಟರ್ ಮೇಲಿರದವರಲ್ಲಿ ಸಾವು ಶೇ 16.3ರಿಂದ 14.6ಕ್ಕೆ ಇಳಿದದ್ದು ಕಂಡಿತು. ವೆಂಟಿಲೇಟರ್ ಮೇಲಿದ್ದವರಿಗೆ ಪ್ರಯೋಜನವಿರಲಿಲ್ಲ. ಆಸ್ಪತ್ರೆಯ ಹೊರಗೆ, ಅಪಾಯ ಹೆಚ್ಚಿರುವವರಿಗೆ ಮೊದಲ ವಾರದಲ್ಲೇ ಮೂರು ದಿನ ಕೊಟ್ಟಾಗ ಅದೇ ಔಷಧ ಆಸ್ಪತ್ರೆ ಸೇರುವ ಸಂಭವವನ್ನು ಶೇ 87 ತಗ್ಗಿಸಿತು. ಔಷಧ ಒಂದೇ, ದಿನ ಬೇರೆ.

ಈ ತಿಳಿವಳಿಕೆಯ ಬೆಳಕಿನಲ್ಲಿ 2021ರ ಏಪ್ರಿಲ್ ತಿಂಗಳನ್ನು ನೆನೆಯುವುದು ನೋವಿನ ಕೆಲಸ. ಆಗ ಭಾರತ ಸರ್ಕಾರ ರೆಮ್ಡೆಸಿವಿರ್ ರಫ್ತನ್ನು ನಿಷೇಧಿಸಿತು, ದರ ಇಳಿಸಿತು. ಆದರೂ ಬಾಟಲಿಗಾಗಿ ಮನೆಯವರು ಔಷಧದಂಗಡಿಗಳ ಮುಂದೆ ರಾತ್ರಿಯಿಡೀ ನಿಂತರು. ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಕಾಳಸಂತೆಯಲ್ಲಿ ಮಾರುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ಚೀಟಿ ಬರೆದು ಕೈಗೆ ಕೊಟ್ಟು ‘ತಂದುಕೊಡಿ’ ಎನ್ನುವ ಪದ್ಧತಿ ಆ ಕುಟುಂಬಗಳ ಮೇಲೆ ಹೊರಿಸಿದ ಹೊರೆ ಔಷಧದ ಗುಣಕ್ಕಿಂತ ಎಷ್ಟೋ ಪಾಲು ದೊಡ್ಡದು. ಆಗ ಜೀವ ಉಳಿಸುವುದು ಖಚಿತವಾಗಿದ್ದ ಮಾತ್ರೆ ಯಾವ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುವಂಥದ್ದು: ಆಂಟಿಬಯೋಟಿಕ್ಕೂ ಅಲ್ಲದ, ಆಂಟಿವೈರಲ್ಲೂ ಅಲ್ಲದ ಡೆಕ್ಸಾಮೆಥಸೋನ್. ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ ಹತ್ತು ದಿನ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ 41.4ರಿಂದ 29.3ಕ್ಕೆ ಇಳಿಯಿತು ಎಂದು ರಿಕವರಿ 2020ರಲ್ಲೇ ತೋರಿಸಿತ್ತು. ಆಮ್ಲಜನಕ ಬೇಡದವರಿಗೆ ಲಾಭವಿರಲಿಲ್ಲ. ಅಂಥವರಿಗೂ ಮೊದಲ ದಿನದಿಂದಲೇ ಕೊಟ್ಟದ್ದು ಇನ್ನೊಂದು ತಪ್ಪು.

ಬಾಯಿಯ ಮಾತ್ರೆಗಳ ವಿಷಯ ಸಂಕ್ಷಿಪ್ತವಾಗಿ ಹೇಳಬಹುದು. ಜಪಾನಿನ ಫಾವಿಪಿರಾವಿರ್‌ಗೆ ಭಾರತ 2020ರ ಜೂನ್‌ನಲ್ಲಿ ಅನುಮತಿ ಕೊಟ್ಟಿತು. 200 ಮಿಲಿಗ್ರಾಂನ ಮಾತ್ರೆಗಳಾದ್ದರಿಂದ ಮೊದಲ ದಿನವೇ ಹದಿನೆಂಟು ನುಂಗಬೇಕಿತ್ತು. ದೊಡ್ಡ ಪ್ರಯೋಗಗಳಲ್ಲಿ ಅದು ಗೆಲ್ಲಲಿಲ್ಲ. ಮೊಲ್ನುಪಿರಾವಿರ್‌ಗೆ 2021ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕರೂ, ಅದು ವೈರಸ್ಸಿನ ಆರ್‌ಎನ್‌ಎಯಲ್ಲಿ ತಪ್ಪುಗಳನ್ನು ತುಂಬಿ ಕೆಲಸ ಮಾಡುವುದರಿಂದ ಸುರಕ್ಷತೆಯ ಅನುಮಾನವಿದೆ ಎಂದು ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ. ಅದು ಧೈರ್ಯದ, ಸರಿಯಾದ ತೀರ್ಮಾನ ಎಂದೇ ಹೇಳಬೇಕು. ಲಸಿಕೆ ಪಡೆಯದ, ಅಪಾಯ ಹೆಚ್ಚಿರುವವರಿಗೆ ಬೇಗ ಕೊಟ್ಟರೆ ನಿರ್ಮಾಟ್ರೆಲ್ವಿರ್ ಮತ್ತು ರಿಟೊನಾವಿರ್ ಜೋಡಿ ಗಟ್ಟಿ ಫಲ ಕೊಟ್ಟಿತು. ಆದರೆ ರಿಟೊನಾವಿರ್ ಯಕೃತ್ತಿನ ಸಿವೈಪಿ3ಎ ಕಿಣ್ವವನ್ನು ಕಟ್ಟಿಹಾಕುತ್ತದೆ. ಮೂತ್ರಪಿಂಡ ಕಸಿಯಾದವರ ಟಾಕ್ರೊಲಿಮಸ್, ಕೊಲೆಸ್ಟರಾಲ್‌ನ ಕೆಲವು ಸ್ಟ್ಯಾಟಿನ್‌ಗಳು ರಕ್ತದಲ್ಲಿ ವಿಷಮಟ್ಟಕ್ಕೆ ಏರಬಹುದು. ಅತಿಹೆಚ್ಚು ಬೇಕಾದವರಿಗೇ ಕೊಡಲು ಅತಿ ಕಷ್ಟವಾದ ಔಷಧವದು.

ಒಸೆಲ್ಟಾಮಿವಿರ್ ಇನ್ನೂ ಹಳೆಯ ಪ್ರಶ್ನೆ. ಇನ್‌ಫ್ಲುಯೆಂಜಾ ವೈರಸ್ ಕೋಶದಿಂದ ಹೊರಬೀಳಲು ಬಳಸುವ ನ್ಯೂರಮಿನಿಡೇಸ್ ಕಿಣ್ವವನ್ನು ಅದು ತಡೆಯುತ್ತದೆ. ಪಿಡುಗಿನ ಭಯದಿಂದ ಬ್ರಿಟನ್ ಇದನ್ನು ಕೂಡಿಡಲು 40 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚು ಮಾಡಿತು. ತಯಾರಕರು ಬಿಟ್ಟುಕೊಡಲು ವರ್ಷಗಟ್ಟಲೆ ಹಿಂಜರಿದ ಪೂರ್ಣ ವರದಿಗಳನ್ನು ಪಡೆದು, ವೈದ್ಯಕೀಯ ಪುರಾವೆಗಳನ್ನು ವಿಮರ್ಶಿಸುವ ಕಾಕ್ರೇನ್ ತಂಡ 2014ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ವಯಸ್ಕರಲ್ಲಿ ಲಕ್ಷಣಗಳ ಅವಧಿ 7 ದಿನಗಳಿಂದ 6.3ಕ್ಕೆ ಇಳಿಯುತ್ತದೆ, ಆಸ್ಪತ್ರೆ ಸೇರುವುದು ತಗ್ಗುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆಯಿಲ್ಲ. ಅದೇ ವರ್ಷ 2009ರ ಪಿಡುಗಿನ 29,000ಕ್ಕೂ ಹೆಚ್ಚು ಒಳರೋಗಿಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ, ಈ ಬಗೆಯ ಔಷಧ ಪಡೆದವರಲ್ಲಿ ಸಾವು ಕಡಿಮೆ, ಎರಡು ದಿನಗಳೊಳಗೆ ಪಡೆದವರಲ್ಲಿ ಇನ್ನೂ ಕಡಿಮೆ ಎಂದಿತು. ಮೊದಲನೆಯದು ಹೆಚ್ಚಾಗಿ ಹೊರರೋಗಿಗಳ ಪ್ರಯೋಗಗಳ ಮೇಲೆ ನಿಂತಿತ್ತು, ಎರಡನೆಯದು ಬರಿಯ ವೀಕ್ಷಣೆ. ಭಾರತದಲ್ಲಿ 2009ರಲ್ಲಿ ಇದನ್ನು ಔಷಧ ಮಾರಾಟ ನಿಯಮಗಳ ಕಟ್ಟುನಿಟ್ಟಾದ ಶೆಡ್ಯೂಲ್ ಎಕ್ಸ್‌ನಲ್ಲಿ ಇಟ್ಟು ಕೆಲವೇ ಅಂಗಡಿಗಳಿಗೆ ಸೀಮಿತಗೊಳಿಸಲಾಗಿತ್ತು. ಬೇಗ ಕೊಡಬೇಕಾದ ಔಷಧ ಬೇಗ ಸಿಗುತ್ತಿರಲಿಲ್ಲ. 2017ರಲ್ಲಿ ಅದನ್ನು ತುಸು ಸಡಿಲವಾದ ಶೆಡ್ಯೂಲ್ ಎಚ್1ಗೆ ವರ್ಗಾಯಿಸಲಾಯಿತು.

ನಿಲ್ಲಿಸುವ ಶಿಸ್ತು

ಆಂಟಿಬಯೋಟಿಕ್ ಬಳಕೆಯ ಮೇಲ್ವಿಚಾರಣೆ ಎಂದರೆ ಔಷಧ ನಿರಾಕರಿಸುವುದು ಎಂಬ ತಪ್ಪು ಕಲ್ಪನೆ ಆಸ್ಪತ್ರೆಗಳಲ್ಲೂ ಇದೆ. ಸೆಪ್ಸಿಸ್‌ನಿಂದ ಕುಸಿಯುತ್ತಿರುವ ರೋಗಿಗೆ ತಡಮಾಡದೆ ಕೊಡುವುದೂ ಅದರದೇ ಭಾಗ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿದ್ದು ಸರಳ: ಸೌಮ್ಯ ಕೋವಿಡ್‌ಗೆ ಆಂಟಿಬಯೋಟಿಕ್ ಬೇಡ, ಮಧ್ಯಮ ಹಂತದಲ್ಲಿ ಬ್ಯಾಕ್ಟೀರಿಯಾದ ಅನುಮಾನವಿದ್ದರೆ ಮಾತ್ರ, ತೀವ್ರ ಹಂತದಲ್ಲಿ ಕೊಡಬಹುದು, ಆದರೆ ಪ್ರತಿದಿನ ಮರುಪರಿಶೀಲಿಸಬೇಕು. ವಾರ್ಡಿನಲ್ಲಿ ಇದರ ಅರ್ಥ ಇಷ್ಟು. ಮೊದಲ ಡೋಸ್‌ಗೆ ಮುನ್ನ ರಕ್ತದ ಕಲ್ಚರ್ ತೆಗೆಯಬೇಕು. ಚೀಟಿಯಲ್ಲಿ ಕಾರಣವನ್ನೂ ನಿಲ್ಲಿಸುವ ದಿನಾಂಕವನ್ನೂ ಬರೆಯಬೇಕು. 48 ಗಂಟೆಗಳ ಬಳಿಕ ಕಲ್ಚರ್ ಬರಿದಾಗಿದ್ದರೆ, ರೋಗಿ ಸ್ಥಿರವಾಗಿದ್ದರೆ ನಿಲ್ಲಿಸಬೇಕು. ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆ ಇಲ್ಲಿ ನೆರವಾಗುತ್ತದೆ: ವೈರಸ್ ನ್ಯುಮೋನಿಯಾದಲ್ಲಿ ಅದು ಸಾಮಾನ್ಯವಾಗಿ ಕೆಳಮಟ್ಟದಲ್ಲೇ ಇರುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ, ತೀರಾ ಹದಗೆಟ್ಟವರಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೂ ಏರಬಹುದಾದ್ದರಿಂದ ಅದೊಂದನ್ನೇ ನೆಚ್ಚಲಾಗದು. ಕೆಳಗಿದ್ದಾಗ ನಿಲ್ಲಿಸಲು ಕೊಡುವ ಧೈರ್ಯವೇ ಅದರ ಬೆಲೆ.

ಯಾವ ಔಷಧ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2017ರ ವಿಂಗಡಣೆ ದಾರಿ ತೋರುತ್ತದೆ: ಅಮಾಕ್ಸಿಸಿಲಿನ್‌ನಂಥವು ಮೊದಲ ಆಯ್ಕೆಯ ಆಕ್ಸೆಸ್ ಗುಂಪಿನಲ್ಲಿ, ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್, ಮೆರೊಪೆನಮ್‌ನಂಥವು ಎಚ್ಚರದಿಂದ ಬಳಸಬೇಕಾದ ವಾಚ್ ಗುಂಪಿನಲ್ಲಿ, ಕೊಲಿಸ್ಟಿನ್‌ನಂಥ ಕೊನೆಯ ಅಸ್ತ್ರಗಳು ರಿಸರ್ವ್‌ನಲ್ಲಿ. ಕೋವಿಡ್ ವಾರ್ಡುಗಳಲ್ಲಿ ಹೆಚ್ಚು ಬಳಕೆಯಾದದ್ದು ವಾಚ್ ಗುಂಪು. ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳು, ಕಾರ್ಬಪೆನಮ್‌ಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ದಾಖಲೆ ಪುಸ್ತಕ ಕಡ್ಡಾಯಗೊಳಿಸಿದೆ. ಆಸ್ಪತ್ರೆಯೊಳಗಿನ ಚೀಟಿಗೆ ಆ ನಿಯಮದ ಕೈ ತಲುಪುವುದಿಲ್ಲ. ಅಲ್ಲಿ ಬೇಕಿರುವುದು ಸೂಕ್ಷ್ಮಾಣು ಪ್ರಯೋಗಾಲಯ ಮತ್ತು ಚೀಟಿಯನ್ನು ಪ್ರಶ್ನಿಸುವ ಅಧಿಕಾರವಿರುವ ಔಷಧತಜ್ಞ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಲ್ಚರ್ ಸೌಲಭ್ಯ ಹರಡದ ಹೊರತು ಎಷ್ಟು ಮಾರ್ಗಸೂಚಿ ಹೊರಡಿಸಿದರೂ ವೈದ್ಯರು ಊಹೆಯ ಮೇಲೆಯೇ ಬರೆಯಬೇಕಾಗುತ್ತದೆ.

ಗೊತ್ತಿಲ್ಲದ ರೋಗಕ್ಕೆ ಏನು ಬರೆಯಬೇಕು ಎಂಬುದಕ್ಕೆ ಈ ಪಿಡುಗಿನ ಅತ್ಯುತ್ತಮ ಉತ್ತರ ಬಂದದ್ದು ಆಕ್ಸ್‌ಫರ್ಡಿನಿಂದ. ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ 2020ರ ಮಾರ್ಚ್‌ನಲ್ಲಿ ಆರಂಭಿಸಿದ ರಿಕವರಿ, ಬ್ರಿಟನ್ನಿನ 170ಕ್ಕೂ ಹೆಚ್ಚು ಸಾಮಾನ್ಯ ಆಸ್ಪತ್ರೆಗಳ ನಿತ್ಯದ ಕೆಲಸದೊಳಗೇ ಪ್ರಯೋಗವನ್ನು ನೇಯ್ದಿತು. ಅರ್ಜಿ ಚಿಕ್ಕದು, ರೋಗಿಯ ಒಪ್ಪಿಗೆಯ ಮೇಲೆ ಗಣಕ ಚೀಟಿ ಎತ್ತಿದಂತೆ ಔಷಧ ನಿಗದಿ, ಲೆಕ್ಕ 28 ದಿನಗಳ ಬದುಕು ಸಾವಿನದು. ಹೀಗೆ ಅನುಮಾನದಲ್ಲಿ ಬರೆದ ಔಷಧವೂ ಮುಂದಿನ ರೋಗಿಗೆ ಉತ್ತರವಾಯಿತು. ಕೋವಿಡ್ ಇಳಿದ ಮೇಲೆ ಅದೇ ತಂಡ ಇನ್‌ಫ್ಲುಯೆಂಜಾದಿಂದ ಆಸ್ಪತ್ರೆ ಸೇರಿದವರನ್ನೂ ಸೇರಿಸಿಕೊಳ್ಳಲು ಆರಂಭಿಸಿತು. ಅಲ್ಲಿ ಪರೀಕ್ಷೆಗೆ ಇಟ್ಟ ಔಷಧಗಳಲ್ಲಿ ಒಂದು ಒಸೆಲ್ಟಾಮಿವಿರ್: ಎರಡು ದಶಕಗಳಿಂದ ದೇಶಗಳು ಉಗ್ರಾಣಗಳಲ್ಲಿ ತುಂಬಿಟ್ಟುಕೊಂಡು, ಒಳರೋಗಿಗಳ ಜೀವ ಉಳಿಸುತ್ತದೆಯೇ ಎಂದು ದೊಡ್ಡ ಯಾದೃಚ್ಛಿಕ ಪ್ರಯೋಗದಿಂದ ಕೇಳದೆಯೇ ಬರೆಯುತ್ತ ಬಂದಿದ್ದ ಔಷಧ.